ಕೂದಲು ಬೋಳಿಸುತ್ತದೆ, ಮಾವಿನಕಾಯಿ ಮಾತ್ರ ಸೀಳುತ್ತದೆ: ಮಡಚು ಚಾಕುವಿನ ಅಲಗು ತೆಳು ಮಾಡುವುದು ಹೇಗೆ?

ತೋತಾಪುರಿ, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಒಂದೇ ಮಡಚು ಚಾಕು ನನ್ನ ಜೇಬಿನಲ್ಲಿದೆ. ಡಿ2 ಅನ್ನುವ ಗಡಸು ಉಕ್ಕು. ಅಲಗು 8 ಸೆಂ.ಮೀ. ಉದ್ದ, 22 ಮಿ.ಮೀ. ಅಗಲ, ಬೆನ್ನು 3 ಮಿ.ಮೀ. ದಪ್ಪ. ಬೆಳಗ್ಗೆಯಿಂದ ಸಂಜೆವರೆಗೂ ಅದಕ್ಕೆ ಕೆಲಸ ಇದ್ದೇ ಇರುತ್ತದೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು. ಟೊಮೆಟೊ ಗಿಡ ಕಟ್ಟುವ ಸುತಲಿ ಕತ್ತರಿಸಬೇಕು. ಡ್ರಿಪ್ಪಿನ 16 ಮಿ.ಮೀ. ಪೈಪು ನೇರವಾಗಿ ತುಂಡು ಮಾಡಬೇಕು. ಮಧ್ಯಾಹ್ನ ಮರದ ಕೆಳಗೆ ಕೂತು ಒಂದು ಕಾಯಿ ಕೊಯ್ದು ಉಪ್ಪು ಖಾರ ಹಚ್ಚಿ ತಿನ್ನಬೇಕು.

ತೊಂದರೆ ಏನೆಂದರೆ, ಎಷ್ಟು ಮಸೆದರೂ ಇದು ಚೆನ್ನಾಗಿ ಕೊಯ್ಯುವುದಿಲ್ಲ. ಹರಿತ ಇಲ್ಲ ಅಂತಲ್ಲ. ಮುಂಗೈ ಕೂದಲು ಸಲೀಸಾಗಿ ಬೋಳಿಸುತ್ತದೆ. ಆದರೆ ಗಟ್ಟಿ ತೋತಾಪುರಿ ಕಾಯಿಗೆ ಇಟ್ಟರೆ ಅರ್ಧ ಇಳಿಯುವಷ್ಟರಲ್ಲಿ ಕಾಯಿ ಟಪ್ ಅಂತ ಸೀಳಿ ಎರಡಾಗುತ್ತದೆ. ತೆಳು ಹೋಳು ಬರುವುದೇ ಇಲ್ಲ. ಅಪ್ಪನ ಹಳೇ ಚಾಕು ಇದಕ್ಕಿಂತ ಮೊಂಡು, ಆದರೂ ಕಾಯಿಯೊಳಗೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ನನ್ನ ಮಸೆಯುವ ಕೈ ಸರಿಯಿಲ್ಲವೋ, ಚಾಕುವೇ ಹೀಗೋ? ತಿಳಿದವರು ಹೇಳಿ.

ಲೇತ್ ಮನುಷ್ಯ, ತುಮಕೂರು

ನಿಮ್ಮ ಕೈ ಸರಿಯಾಗಿಯೇ ಇದೆ. ಮನೆಯಲ್ಲಿ ದಪ್ಪ ಅಳೆಯುವ ವರ್ನಿಯರ್ ಇದ್ದರೆ ಒಂದು ಅಳತೆ ತೆಗೆದು ಹಾಕಿ. ಬೆನ್ನಿನ ದಪ್ಪ ಬೇಡ. ಅಂಚಿನಲ್ಲಿ ಮಸೆದು ಹೊಳೆಯುವ ಸಣ್ಣ ಪಟ್ಟಿ ಇರುತ್ತದಲ್ಲ, ಅದು ಮುಗಿದು ಅಲಗು ಶುರುವಾಗುವ ಜಾಗದ ದಪ್ಪ ಬೇಕು. ಅಂಚಿನ ಹಿಂದಿನ ದಪ್ಪ ಅಂತ ಇಟ್ಟುಕೊಳ್ಳೋಣ. ಚಾಕು ಹೇಗೆ ಕೊಯ್ಯುತ್ತದೆ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನ ಆಗುತ್ತದೆ.

ತೋತಾಪುರಿ, ಶ್ರೀನಿವಾಸಪುರ

ಪಕ್ಕದ ವರ್ಕ್‌ಶಾಪಿನಲ್ಲಿ ಕೇಳಿ ಅಳೆದೆ ಸರ್. ಬುಡದ ಹತ್ತಿರ 0.8, ನಡುವೆ 0.8, ತುದಿಯಲ್ಲಿ 0.9 ಮಿ.ಮೀ. ಅಪ್ಪನ ಚಾಕು ನಡುವೆ 0.3.

ಲೇತ್ ಮನುಷ್ಯ, ತುಮಕೂರು

ಉತ್ತರ ಸಿಕ್ಕಿತು ನೋಡಿ. ಹರಿತ ಬೇರೆ, ತೆಳು ಬೇರೆ. ಹರಿತ ಅಂದರೆ ತುತ್ತತುದಿಯ ಅಂಚು. ಕೂದಲಿಗೆ ಅಷ್ಟೇ ಸಾಕು, ಯಾಕೆಂದರೆ ಕೂದಲಿನೊಳಗೆ ಅಲಗು ಹೋಗಬೇಕಾಗಿಲ್ಲ. ಮಾವಿನಕಾಯಿ, ಕ್ಯಾರೆಟ್, ದಪ್ಪ ರಟ್ಟು ಹಾಗಲ್ಲ. ಅಂಚು ದಾರಿ ಮಾಡಿದ ಮೇಲೆ ಇಡೀ ಅಲಗು ಆ ದಾರಿಯಲ್ಲಿ ತೂರಬೇಕು. ಹಿಂದೆ 0.8 ಇದ್ದರೆ ಅದು ಚಾಕುವಿನ ಕೆಲಸ ಬಿಟ್ಟು ಸೌದೆ ಸೀಳುವ ಆಪಿನ ಕೆಲಸ ಮಾಡುತ್ತದೆ. ಅದಕ್ಕೇ ನಿಮ್ಮ ಕಾಯಿ ಸೀಳುವುದು.

ಉಕ್ಕಿನ ಹೆಸರು ನೋಡಿ ಚಾಕು ಕೊಳ್ಳುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ. ವಿಕ್ಟೋರಿನಾಕ್ಸ್ ಜೇಬು ಚಾಕುವಿನ ಉಕ್ಕಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 55–56 ಅಷ್ಟೇ. ನಿಮ್ಮ ಡಿ2 ಸರಿಯಾಗಿ ಹದ ಆಗಿದ್ದರೆ 60ರ ಆಸುಪಾಸು ಇರುತ್ತದೆ. ಆದರೂ ಈರುಳ್ಳಿಗೆ, ಹಣ್ಣಿಗೆ ಆ ಮೆತ್ತನೆ ಚಾಕುವೇ ಚೆನ್ನಾಗಿ ಇಳಿಯುತ್ತದೆ. ಅದರ ಅಲಗು ತೆಳು, ಬೇರೆ ಗುಟ್ಟೇನಿಲ್ಲ. ಗಡಸು ಉಕ್ಕಿನಿಂದ ಹರಿತ ಜಾಸ್ತಿ ದಿನ ನಿಲ್ಲುತ್ತದೆ. ಸಲೀಸಾಗಿ ಕೊಯ್ಯುವುದು ಆಕಾರದಿಂದ.

ನಿಮ್ಮ ಕೆಲಸಕ್ಕೆ ಅಂಚಿನ ಹಿಂದೆ 0.35ರ ಹತ್ತಿರ ತನ್ನಿ. ಒಂದೊಂದು ಮಗ್ಗುಲಲ್ಲಿ ಕಾಲು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಹೋಗಬೇಕು. ಅಲಗಿನ ಕೆಳಗಿನ ಅರ್ಧ ಮಾತ್ರ ಇಳಿಸಿದರೆ ಸಾಕು. ಎರಡೂ ಕಡೆ ಸೇರಿ ಹೋಗುವ ಉಕ್ಕು ಒಂದೂವರೆ ಗ್ರಾಂ ಆದರೆ ಹೆಚ್ಚು. ಒಂದು ಕೆಲಸ ಮಾತ್ರ ಮಾಡಬೇಡಿ. ವರ್ಕ್‌ಶಾಪಿನ ಬೆಂಚ್ ಗ್ರೈಂಡರಿಗೆ ಇಡಬೇಡಿ.

ದಿಲ್‌ಖುಷ್, ಚಿಕ್ಕಬಳ್ಳಾಪುರ

ಗ್ರೈಂಡರ್ ವಿಷಯ ನನ್ನ ಅನುಭವದಿಂದ ಹೇಳುತ್ತೇನೆ ಅಣ್ಣಾ. ಹೋದ ವರ್ಷ ನನ್ನ ಚಾಕುವನ್ನು ಹೀಗೇ ತೆಳು ಮಾಡಿಸಲು ಒಂದು ಅಂಗಡಿಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ಮಾಡಿ ಕೊಟ್ಟರು. ನೋಡುವುದಕ್ಕೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. ತುದಿಯ ಹತ್ತಿರ ಮಾತ್ರ ಒಂದು ಉಗುರಿನಷ್ಟು ಜಾಗ ನೀಲಿ ಬಣ್ಣಕ್ಕೆ ತಿರುಗಿತ್ತು. ಅದೇನು ಅಂತ ಆಗ ಗೊತ್ತಿರಲಿಲ್ಲ. ಆಮೇಲೆ ನೋಡಿದರೆ ಆ ಜಾಗದಲ್ಲಿ ಹರಿತ ಒಂದು ದಿನವೂ ನಿಲ್ಲುವುದಿಲ್ಲ. ನಾಲ್ಕು ಬಳ್ಳಿ ಸವರಿದರೆ ಅಂಚು ಮಡಚಿಕೊಳ್ಳುತ್ತದೆ. ಉಳಿದ ಕಡೆ ಚೆನ್ನಾಗಿಯೇ ಇದೆ. ನನಗೆ ತುಂಬಾ ಬೇಜಾರಾಯಿತು.

ಕುಲುಮೆ ಮನೆ, ಕೊರಟಗೆರೆ

ನೀಲಿ ಬಂತು ಅಂದರೆ ಅಲ್ಲಿ ಹದ ಹೋಯಿತು ಅಂತ ಅರ್ಥ. ನಮ್ಮದು ತಲೆಮಾರಿನಿಂದ ಕುಲುಮೆ ಕೆಲಸ. ಲಾರಿ ಸ್ಪ್ರಿಂಗ್ ಪಟ್ಟಿಯಲ್ಲಿ ಮಚ್ಚು, ಕುಡುಗೋಲು ಮಾಡುತ್ತೇವೆ. ಕಾಸಿ ಅದ್ದಿದ ಮೇಲೆ ಉಕ್ಕು ಗಾಜಿನ ಹಾಗೆ ಗಡಸಾಗಿರುತ್ತದೆ, ಬಿದ್ದರೆ ಮುರಿಯುತ್ತದೆ. ಮತ್ತೆ ಹದವಾಗಿ ಬಿಸಿ ಮಾಡಿ ಆ ಗಡಸನ್ನು ಬೇಕಾದಷ್ಟೇ ಇಳಿಸಬೇಕು. ಉಜ್ಜಿದ ಮೈ ಮೇಲೆ ಮೊದಲು ಒಣ ಹುಲ್ಲಿನ ತಿಳಿ ಹಳದಿ ಬಣ್ಣ ಬರುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣ 200 ಡಿಗ್ರಿ ದಾಟಿದ ಮೇಲೆ, ನೀಲಿ 300ರ ಹತ್ತಿರ. ಚಾಕುವಿಗೆ ಹುಲ್ಲಿನ ಬಣ್ಣದಲ್ಲೇ ನಿಲ್ಲಿಸುತ್ತೇವೆ. ನೀಲಿಗೆ ಹೋದರೆ ಸ್ಪ್ರಿಂಗಿಗೆ ಸರಿ, ಚಾಕುವಿನ ಬಾಯಿಗೆ ಮೆತ್ತಗಾಯಿತು.

ಈ ಲೆಕ್ಕ ನಮ್ಮ ಮಾಮೂಲಿ ಉಕ್ಕಿನದು. ತುಕ್ಕು ಹಿಡಿಯದ ಉಕ್ಕು, ಡಿ2 ತರಹದ ಕ್ರೋಮಿಯಂ ಜಾಸ್ತಿ ಇರುವ ಉಕ್ಕಿನಲ್ಲಿ ಅದೇ ಬಣ್ಣ ಇನ್ನೂ ಹೆಚ್ಚು ಬಿಸಿಗೆ ಬರುತ್ತದೆ. ಹಾಗಾಗಿ ಬಣ್ಣ ಕಾಣಲಿಲ್ಲ ಅಂತ ನಿಶ್ಚಿಂತೆ ಪಡಬೇಡಿ.

ದಿಲ್‌ಖುಷ್ ಅಣ್ಣ, ನಿಮ್ಮ ಚಾಕು ಪೂರ್ತಿ ಹಾಳಾಗಿಲ್ಲ. ಮೆತ್ತಗಾಗಿರುವುದು ಆ ಜಾಗದ ಅಂಚು. ಕಲ್ಲಿನ ಮೇಲೆ ನೀರು ಹಾಕಿಕೊಂಡು ನಿಧಾನವಾಗಿ ಮಸೆಯುತ್ತಾ ಹೋಗಿ. ಮೆತ್ತನೆ ಭಾಗ ಸವೆದು ಹೋದ ಮೇಲೆ ಒಳಗಿನ ಗಟ್ಟಿ ಉಕ್ಕು ಸಿಗುತ್ತದೆ. ಅಲಗು ಸ್ವಲ್ಪ ಕಿರಿದಾಗುತ್ತದೆ ಅಷ್ಟೇ.

ಇನ್ನೊಂದು ಮಾತು ಇದಕ್ಕೆ ಸೇರಿದ್ದಲ್ಲ, ಆದರೂ ಹೇಳಬೇಕು ಅನ್ನಿಸಿತು. ನಮ್ಮ ಚನ್ನರಾಯನದುರ್ಗದ ಸುತ್ತ ಒಂದು ಕಾಲದಲ್ಲಿ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದರು. 1800ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಅದನ್ನು ನೋಡಿ ಬರೆದಿಟ್ಟಿದ್ದಾರೆ. ಉಕ್ಕಿನ ಹದ ನಮ್ಮ ಮಣ್ಣಿಗೆ ಹೊಸದಲ್ಲ.

ಲೇತ್ ಮನುಷ್ಯ, ತುಮಕೂರು

ಕುಲುಮೆಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗ್ರೈಂಡರಿನಲ್ಲಿ ಚಾಕು ಹಿಡಿದ ಕೈಗೆ ಬಿಸಿ ತಾಗಲಿಲ್ಲ ಅಂದರೆ ಅಂಚೂ ಬಿಸಿಯಾಗಿಲ್ಲ ಅಂತ ಅಲ್ಲ. ತೆಳು ಅಂಚಿನಲ್ಲಿ ಬಿಸಿ ಹರಿದು ಹೋಗುವುದಕ್ಕೆ ಲೋಹವೇ ಇರುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟು ಹೋಗುತ್ತದೆ. ನೀರಿಗೆ ಅದ್ದುವುದು ಅದಾದ ಮೇಲಿನ ಮಾತು. ಬೆಲ್ಟ್ ಗ್ರೈಂಡರಿನಲ್ಲಿ ಪಳಗಿದವರು ಹೊಸ ಬೆಲ್ಟ್ ಹಾಕಿ, ಪ್ರತಿ ಸಲ ಅದ್ದಿ, ಬರಿಗೈಯಲ್ಲಿ ಹಿಡಿದು ಮಾಡುತ್ತಾರೆ. ಒಂದೇ ಚಾಕು ಇರುವ ನಮಗೆ ಕೈಯೇ ವಾಸಿ.

ಕುಲುಮೆ ಮನೆ, ಕೊರಟಗೆರೆ

ಬೆಂಚ್ ಗ್ರೈಂಡರ್ ಬೇಡ, ಒಪ್ಪಿದೆ. ಆದರೆ ಸಾಣೆ ಅಂದರೆಲ್ಲ ಕೆಟ್ಟದ್ದಲ್ಲ ಸರ್. ನೀರಿನಲ್ಲಿ ನಿಧಾನವಾಗಿ ತಿರುಗುವ ದೊಡ್ಡ ಕಲ್ಲು ಇದ್ದರೆ ಹದಕ್ಕೆ ಏನೂ ಆಗುವುದಿಲ್ಲ. ಬೇಗ ಮುಗಿಯುತ್ತದೆ ಕೂಡ.

ಲೇತ್ ಮನುಷ್ಯ, ತುಮಕೂರು

ಅದು ನಿಜ. ಅಂಥ ಕಲ್ಲು ಈಗ ಎಲ್ಲಿ ಸಿಗುತ್ತದೆ ಅನ್ನುವುದೇ ಪ್ರಶ್ನೆ.

ತೋತಾಪುರಿ, ಶ್ರೀನಿವಾಸಪುರ

ಕೈಯಲ್ಲೇ ಮಾಡುತ್ತೇನೆ ಸರ್. ನನ್ನ ಹತ್ತಿರ ಇರುವುದು ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಂ ಕಲ್ಲು. ಅದರಲ್ಲಿ ಆಗುತ್ತದಾ? ಎಲ್ಲಿಂದ ಶುರು ಮಾಡಲಿ?

ಲೇತ್ ಮನುಷ್ಯ, ತುಮಕೂರು

ಆಗುತ್ತದೆ, ಆದರೆ ಡಿ2ಗೆ ತುಂಬಾ ಹೊತ್ತು ಹಿಡಿಯುತ್ತದೆ. ಡಿ2ನಲ್ಲಿ ಸುಮಾರು 1.5 ಶೇಕಡಾ ಇಂಗಾಲ, 12 ಶೇಕಡಾ ಕ್ರೋಮಿಯಂ ಇದೆ. ಒಳಗೆ ಗಟ್ಟಿ ಕಾರ್ಬೈಡ್ ಕಾಳುಗಳಿರುತ್ತವೆ. ಮಾಮೂಲಿ ಕಲ್ಲಿಗೆ ಜಗ್ಗುವುದಿಲ್ಲ, ಕಲ್ಲೇ ನಡುವೆ ಗುಳಿ ಬೀಳುತ್ತದೆ. ಒರಟು ಡೈಮಂಡ್ ಪ್ಲೇಟ್ ಒಂದು ತೆಗೆದುಕೊಳ್ಳಿ, ಒರಟುತನದ ನಂಬರು 150ರ ಆಸುಪಾಸಿನದು (ನಂಬರು ಕಡಿಮೆ ಆದಷ್ಟೂ ಒರಟು). ಅಷ್ಟು ಖರ್ಚು ಬೇಡ ಅಂದರೆ ದಪ್ಪ ಗಾಜಿನ ತುಂಡಿನ ಮೇಲೆ ನೀರಿಗೆ ಬರುವ ಎಮರಿ ಶೀಟು, 120ರದ್ದು, ಒದ್ದೆ ಮಾಡಿ ಅಂಟಿಸಿ. ಬೇಗ ಸವೆಯುತ್ತದೆ, ಬದಲಾಯಿಸುತ್ತಾ ಇರಬೇಕು. ಶೀಟಿನ ಮೇಲೆ ಅಂಚನ್ನು ಮುಂದಿಟ್ಟು ತಳ್ಳಬೇಡಿ, ಹರಿದು ಹೋಗುತ್ತದೆ. ಬೆನ್ನು ಮುಂದೆ, ಅಂಚು ಹಿಂದೆ ಇರುವ ಹಾಗೆ ಎಳೆಯಿರಿ.

ಮೊದಲು ಚಾಕು ಬಿಚ್ಚಿ ಅಲಗು ಹೊರಗೆ ತೆಗೆಯಿರಿ. ನಕ್ಷತ್ರದ ತಲೆಯ ಸ್ಕ್ರೂ ಇರುತ್ತವೆ, ಟಿ6 ಅಥವಾ ಟಿ8 ಬಿಟ್ ಬೇಕಾಗುತ್ತದೆ. ಯಾವ ವಾಷರ್ ಯಾವ ಕಡೆ ಇತ್ತು ಅಂತ ಫೋಟೊ ತೆಗೆದುಕೊಳ್ಳಿ. ಬಿಚ್ಚದೆ ಮಾಡಿದರೆ ಉಜ್ಜಿದ ಪುಡಿ ಕೀಲಿನೊಳಗೆ ಹೋಗಿ ತಿಂದು ಹಾಕುತ್ತದೆ. ಅಲಗಿನ ಬುಡದಲ್ಲಿ ಲಾಕ್ ಬಂದು ಕೂರುವ ಓರೆ ಮುಖ ಇದೆಯಲ್ಲ, ಅದನ್ನು ಮಾತ್ರ ಯಾವ ಕಾರಣಕ್ಕೂ ಕಲ್ಲಿಗೆ ತಾಗಿಸಬೇಡಿ. ಅಲ್ಲಿ ಕೂದಲೆಳೆಯಷ್ಟು ಸವೆದರೂ ಲಾಕ್ ಸಡಿಲ ಆಗುತ್ತದೆ. ಚಾಕು ಕೈ ಮೇಲೆ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ. ಆ ಭಾಗಕ್ಕೆ ದಪ್ಪಗೆ ಟೇಪು ಸುತ್ತಿಬಿಡಿ.

ಇನ್ನು ಕೋನ. ಅಲಗನ್ನು ಚಪ್ಪಟೆಯಾಗಿ ಮಲಗಿಸಿದರೆ ಇಡೀ ಮಗ್ಗುಲು ಸವೆಯುತ್ತದೆ, ವಾರಗಟ್ಟಲೆ ಹಿಡಿಯುತ್ತದೆ. ಬೆನ್ನನ್ನು ಒಂಚೂರು ಎತ್ತಬೇಕು. ಕೈ ಅಂದಾಜಿನಲ್ಲಿ ಅಷ್ಟು ಸಣ್ಣ ಎತ್ತರ ನಿಲ್ಲುವುದಿಲ್ಲ. ಅದಕ್ಕೆ ಬೆನ್ನಿನ ಉದ್ದಕ್ಕೂ ಕರೆಂಟಿನವರ ಇನ್ಸುಲೇಶನ್ ಟೇಪು ಎರಡು ಪದರ ಅಂಟಿಸಿ. ಕಾಲು ಮಿಲಿಮೀಟರ್ ಎತ್ತರ ಸಿಗುತ್ತದೆ. ಟೇಪು ಮತ್ತು ಅಂಚು ಎರಡೂ ಪ್ಲೇಟಿಗೆ ತಾಗುವ ಹಾಗೆ ಇಟ್ಟು ಉಜ್ಜಿ. ಉಜ್ಜುತ್ತಾ ಹೋದ ಹಾಗೆ ಹೊಸ ಮುಖ ಅಂಚಿನಿಂದ ಮೇಲಕ್ಕೆ ಏರುತ್ತದೆ. 22 ಮಿ.ಮೀ. ಅಗಲದ ನಿಮ್ಮ ಅಲಗಿನಲ್ಲಿ ಅದು 10 ಮಿ.ಮೀ. ಮೇಲೆ ಬಂದಾಗ ನಿಮಗೆ ಬೇಕಾದ ದಪ್ಪದ ಹತ್ತಿರ ಬಂದಿರುತ್ತೀರಿ. ಟೇಪು ಸವೆದರೆ ಬದಲಾಯಿಸಿ.

ಶುರು ಮಾಡುವ ಮೊದಲು ಮಗ್ಗುಲಿಗೆಲ್ಲ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಹಚ್ಚಿ. ನಾಲ್ಕು ಸಲ ಉಜ್ಜಿ ನೋಡಿ. ಬಣ್ಣ ಎಲ್ಲಿ ಹೋಗಿದೆಯೋ ಅಲ್ಲಿ ಸವೆಯುತ್ತಿದೆ. ಪ್ರತಿ 50 ಸಲಕ್ಕೆ ಮಗ್ಗುಲು ಬದಲಾಯಿಸಿ, ಇಲ್ಲದಿದ್ದರೆ ಅಂಚು ಒಂದು ಕಡೆಗೆ ವಾಲುತ್ತದೆ. ತುದಿಯ ಬಳಿ ಅಲಗು ಬಾಗಿರುವುದರಿಂದ ಅಲ್ಲಿ ಅಲಗಿನ ಬುಡವನ್ನು ಸ್ವಲ್ಪ ಎತ್ತಬೇಕು. ಹೊಸಬರು ಅಲ್ಲೇ ಎಡವುವುದು. ನಡುವೆ ತೆಳು ಆಗಿ ತುದಿ ದಪ್ಪ ಉಳಿದುಬಿಡುತ್ತದೆ.

ತೆಂಗಿನ ತೋಟ, ತಿಪಟೂರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ತೋಟದ ಚಾಕು ಅಷ್ಟು ತೆಳು ಬೇಡ. ನಾನೂ ಒಂದನ್ನು 0.25ಕ್ಕೆ ಇಳಿಸಿದ್ದೆ. ಟೊಮೆಟೊ, ಈರುಳ್ಳಿಗೆ ಏನು ಚೆನ್ನಾಗಿತ್ತು ಅಂತೀರಿ! ಒಂದು ದಿನ ತೆಂಗಿನ ಚಿಪ್ಪಿನಿಂದ ಕೊಬ್ಬರಿ ಬಿಡಿಸಲು ಅಲಗು ಒಳಗೆ ಹಾಕಿ ತಿರುಚಿದೆ. ಅಂಚಿನಲ್ಲಿ ಅರ್ಧ ಚಂದ್ರದ ಆಕಾರದ ಚೂರು ಹಾರಿ ಹೋಯಿತು. ಒಳಗೆ ಹಾಕಿ ಮೀಟುವ ಕೆಲಸ ಇದ್ದರೆ 0.5ಕ್ಕಿಂತ ಕೆಳಗೆ ಹೋಗಬೇಡಿ.

ಲೇತ್ ಮನುಷ್ಯ, ತುಮಕೂರು

ಮೀಟುವ ಕೆಲಸಕ್ಕೆ ಜೇಬು ಚಾಕು ಹಾಕಲೇಬಾರದು ಅಂತ ನನ್ನ ವಾದ. ಅಲಗು ನೇರ ಒತ್ತಡ ತಡೆಯುತ್ತದೆ, ಅಡ್ಡ ತಿರುಚಿದರೆ ತಡೆಯುವುದಿಲ್ಲ. ಅದರಲ್ಲೂ ಡಿ2 ಗಡಸು, ಆದರೆ ಬಾಗುವ ಗುಣ ಕಡಿಮೆ. ಆದರೆ ನೀವು ಹೇಳಿದ ಮಾತಿನಲ್ಲಿ ನ್ಯಾಯ ಇದೆ. ಚಾಕುವಿಗೆ ಯಾವ ಕೆಲಸ ಜಾಸ್ತಿ ಅಂತ ನೋಡಿಕೊಂಡು ದಪ್ಪ ತೀರ್ಮಾನ ಮಾಡಬೇಕು. ತೋತಾಪುರಿಯವರ ಪಟ್ಟಿಯಲ್ಲಿ ಸುತಲಿ, ಪೈಪು, ಚೀಲ, ಕಾಯಿ ಇವೆ. ಎಲ್ಲಾ ನೇರ ಕೊಯ್ತ. 0.35 ಸಾಕು ಅಂತಲೇ ಹೇಳುತ್ತೇನೆ.

ದಿಲ್‌ಖುಷ್, ಚಿಕ್ಕಬಳ್ಳಾಪುರ

ನನ್ನದೊಂದು ಪ್ರಶ್ನೆ. ಡಾಗ್‌ರಿಡ್ಜ್ ಬೇರುಗಿಡಕ್ಕೆ ದ್ರಾಕ್ಷಿ ಕಸಿ ಕಟ್ಟುವ ಚಾಕು ಇದೆ. ಅದನ್ನೂ ಹೀಗೇ ಎರಡು ಮಗ್ಗುಲು ಉಜ್ಜಿ ತೆಳು ಮಾಡಬಹುದಾ?

ತೋತಾಪುರಿ, ಶ್ರೀನಿವಾಸಪುರ

ಅಣ್ಣಾ, ಇದಕ್ಕೆ ನಾನು ಉತ್ತರ ಹೇಳುತ್ತೇನೆ, ಮಾವಿನ ಕಸಿ ನಮ್ಮ ಮನೆ ಕೆಲಸ. ಮೊದಲು ನಿಮ್ಮ ಕಸಿ ಚಾಕುವಿನ ಅಂಚನ್ನು ತುದಿ ಕಡೆಯಿಂದ ನೋಡಿ. ಒಂದು ಮಗ್ಗುಲು ಪೂರ್ತಿ ಚಪ್ಪಟೆ ಇದ್ದು ಇನ್ನೊಂದು ಮಾತ್ರ ಓರೆ ಇದ್ದರೆ ಅದು ಒಂದೇ ಮಗ್ಗುಲ ಚಾಕು. ಚಪ್ಪಟೆ ಮಗ್ಗುಲನ್ನು ಯಾವತ್ತೂ ಎತ್ತಿ ಉಜ್ಜಬಾರದು. ಆ ಚಪ್ಪಟೆಯಿಂದಲೇ ಕಡ್ಡಿಯ ಕೊಯ್ತ ಸಮತಟ್ಟಾಗಿ ಬರುವುದು. ಕಡ್ಡಿಯ ಮುಖ ಉಬ್ಬು ತಗ್ಗು ಆದರೆ ಸಿಪ್ಪೆಯ ಕೆಳಗಿನ ಹಸಿರು ಪದರಕ್ಕೆ ಪದರ ಕೂಡುವುದಿಲ್ಲ, ನಡುವೆ ಗಾಳಿ ಉಳಿಯುತ್ತದೆ, ಕಸಿ ಒಣಗುತ್ತದೆ. ಓರೆ ಮಗ್ಗುಲು ಮಾತ್ರ ಮಸೆದು, ಕೊನೆಗೆ ಚಪ್ಪಟೆ ಮಗ್ಗುಲನ್ನು ನುಣ್ಣನೆ ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಎರಡು ಮೂರು ಸಲ ಎಳೆದರೆ ಅಂಚಿನ ಸಿಂಬೆ, ಅಂದರೆ ಮಸೆದಾಗ ಆ ಕಡೆಗೆ ಮಗುಚಿಕೊಳ್ಳುವ ತೆಳು ಎಳೆ, ಹೋಗುತ್ತದೆ. ಇನ್ನೊಂದು ವಿಷಯ, ಬಲಗೈಯವರ ಚಾಕು ಎಡಗೈಯವರಿಗೆ ಸರಿ ಹೋಗುವುದಿಲ್ಲ. ಕಟ್ಟುವವರ ಕೈ ನೋಡಿ ಕೊಡಿ.

ಹಿಪ್ಪುನೇರಳೆ, ಶಿಡ್ಲಘಟ್ಟ

ಎಲ್ಲರ ಮಾತೂ ಓದಿದೆ. ನಾನು ಚಾಕಿ ಹುಳುಗಳಿಗೆ, ಅಂದರೆ ರೇಷ್ಮೆಯ ಮರಿ ಹುಳುಗಳಿಗೆ, ದಿನಾ ಸೊಪ್ಪು ಸಣ್ಣಗೆ ಕೊಚ್ಚುವವಳು. ಹರಿತ ಇಲ್ಲದಿದ್ದರೆ ಎಲೆ ಜಜ್ಜಿ ಬೇಗ ಬಾಡುತ್ತದೆ, ಬಾಡಿದ್ದನ್ನು ಹುಳ ಮುಟ್ಟುವುದಿಲ್ಲ. ಅದಕ್ಕೇ ನನ್ನ ಚಾಕು ಮಸೆಯದ ದಿನವೇ ಇಲ್ಲ. ಆದರೂ ವರ್ಷದಿಂದ ವರ್ಷಕ್ಕೆ ಅದು ಭಾರ ಅನ್ನಿಸುತ್ತಿದೆ. ಅಡುಗೆಮನೆಯ ಈಳಿಗೆಯೂ ಹಾಗೇ. ಅತ್ತೆ ಕಾಲದ್ದು, ಮೊದಲು ಕುಂಬಳಕಾಯಿಯನ್ನೂ ಸಲೀಸಾಗಿ ಹೋಳು ಮಾಡುತ್ತಿತ್ತು. ಈಗ ನಡುವೆ ಸಿಕ್ಕಿಕೊಳ್ಳುತ್ತದೆ. ಇದೂ ಅದೇ ತೊಂದರೆಯಾ?

ಲೇತ್ ಮನುಷ್ಯ, ತುಮಕೂರು

ಅಕ್ಕ, ಅದೇ ತೊಂದರೆ. ಅಲಗು ಅಂಚಿನಲ್ಲಿ ತೆಳು, ಮೇಲೆ ಹೋದ ಹಾಗೆ ದಪ್ಪ. ಪ್ರತಿ ಸಲ ಅಂಚು ಮಾತ್ರ ಮಸೆದಾಗ ಅಂಚು ಒಂದೊಂದು ಎಳೆ ಮೇಲಕ್ಕೆ, ದಪ್ಪ ಭಾಗದ ಕಡೆಗೆ ಸರಿಯುತ್ತದೆ. ನಿಮ್ಮಷ್ಟು ಶ್ರದ್ಧೆಯಿಂದ ದಿನಾ ಮಸೆಯುವವರಿಗೆ ಇದು ಬೇಗ ಬರುತ್ತದೆ. ಹಾಗಾಗಿ ಹತ್ತಿಪ್ಪತ್ತು ಸಲ ಮಸೆದ ಮೇಲೆ ಒಂದು ಸಲ ಮಗ್ಗುಲನ್ನೂ ಇಳಿಸಬೇಕು. ಅಂಚಿನ ಹೊಳೆಯುವ ಪಟ್ಟಿಯ ಅಗಲವೇ ಗುರುತು. ಮೊದಲು ಅರ್ಧ ಮಿ.ಮೀ. ಇದ್ದದ್ದು ಈಗ ಒಂದು ಮಿ.ಮೀ. ದಾಟಿದ್ದರೆ ಹಿಂದೆ ದಪ್ಪ ಆಗಿದೆ ಅಂತಲೇ ಲೆಕ್ಕ. ವರ್ನಿಯರ್ ಬೇಕಾಗಿಲ್ಲ.

ಈಳಿಗೆಯ ಅಲಗು ಬಾಗಿರುತ್ತದೆ, ಅದನ್ನು ಪ್ಲೇಟಿನ ಮೇಲೆ ಉಜ್ಜಲು ಆಗುವುದಿಲ್ಲ. ಮಣೆಯಿಂದ ಬಿಚ್ಚಿ, ಮೇಜಿನ ಅಂಚಿಗೆ ಬಿಗಿಯಾಗಿ ಕಟ್ಟಿ, ಸಣ್ಣ ಕಲ್ಲನ್ನು ಅದರ ಮೇಲೆ ಆಡಿಸಿ. ಹಳೇ ಈಳಿಗೆ ಮಾಮೂಲಿ ಉಕ್ಕು, ಕಾರ್ಬೊರಂಡಂ ಕಲ್ಲಿಗೇ ಬೇಗ ಇಳಿಯುತ್ತದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

ತೋತಾಪುರಿ, ಶ್ರೀನಿವಾಸಪುರ

ಮುಗಿಯಿತು ಸರ್! ಆರು ಸಂಜೆ, ದಿನಕ್ಕೆ ಒಂದು ಗಂಟೆ. ಡೈಮಂಡ್ ಪ್ಲೇಟೇ ತರಿಸಿದೆ. ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿಕೊಂಡೆ, ಪುಡಿ ಕಟ್ಟಿಕೊಳ್ಳಲಿಲ್ಲ. ಟೇಪು ಐದು ಸಲ ಬದಲಾಯಿಸಿದೆ. ಮೂರನೇ ದಿನ ಮಾರ್ಕರ್ ಹಚ್ಚಿ ನೋಡಿದಾಗ ನೀವು ಹೇಳಿದ ಹಾಗೇ ತುದಿಯಲ್ಲಿ ಬಣ್ಣ ಹಾಗೇ ಉಳಿದಿತ್ತು. ಆಮೇಲೆ ಎರಡು ದಿನ ತುದಿಯ ಮೇಲೇ ಗಮನ ಇಟ್ಟೆ. ಪ್ಲೇಟಿನ ಗೀರು ಹೋಗಲಿ ಅಂತ 220, 400, 800ರ ಎಮರಿ ಶೀಟು ಹಾಕಿದೆ. ಗೀರು ಇದ್ದರೆ ಅಲ್ಲೇ ತೇವ ನಿಂತು ಡಿ2 ಕಲೆ ಬೀಳುತ್ತದೆ, ಮಾವಿನ ಸೊನೆ ಬೇರೆ.

ಈಗ ಅಳತೆ: ಬುಡದಲ್ಲಿ 0.35, ನಡುವೆ 0.35, ತುದಿಯಲ್ಲಿ 0.45. ಕೊನೆಯ ಅಂಚನ್ನು ಒಂದೊಂದು ಮಗ್ಗುಲಿಗೆ ಸುಮಾರು 17 ಡಿಗ್ರಿಗೆ ಮಸೆದೆ. ಹೊಳೆಯುವ ಪಟ್ಟಿ 1.2 ಮಿ.ಮೀ. ಇದ್ದದ್ದು 0.6ಕ್ಕೆ ಬಂದಿದೆ. ಮಸೆಯುವ ಕೆಲಸವೂ ಕಡಿಮೆ ಆಯಿತು, ಕಲ್ಲಿಗೆ ತಾಗುವ ಉಕ್ಕೇ ಅರ್ಧ ಅಲ್ವಾ.

ಇವತ್ತು ಮಧ್ಯಾಹ್ನ ಮರದಿಂದ ಒಂದು ಗಟ್ಟಿ ಕಾಯಿ ಕಿತ್ತು ಅಲಗು ಇಟ್ಟೆ. ಸದ್ದೇ ಇಲ್ಲದೆ ಇಳಿಯಿತು. ಹೋಳು ಎಷ್ಟು ತೆಳು ಬಂತು ಅಂದರೆ ಬಿಸಿಲಿಗೆ ಹಿಡಿದರೆ ಬೆಳಕು ಕಾಣುತ್ತಿತ್ತು. ಅಪ್ಪ ಪಕ್ಕದಲ್ಲೇ ಇದ್ದರು. ಚಾಕು ಇಸಕೊಂಡು ತಾವೇ ಇನ್ನೊಂದು ಕಾಯಿ ಪೂರ್ತಿ ಕೊಯ್ದರು, ಏನೂ ಹೇಳಲಿಲ್ಲ, ಹೋಳು ನನ್ನ ಕೈಗೆ ಕೊಟ್ಟರು.

ತೆಂಗಿನ ತೋಟ, ತಿಪಟೂರು

ತುಂಬಾ ಸಂತೋಷ ಆಯಿತು. ತುದಿಯಲ್ಲಿ 0.45 ಉಳಿದದ್ದು ಒಳ್ಳೆಯದೇ, ಮತ್ತೆ ಇಳಿಸಲು ಹೋಗಬೇಡಿ. ಚೀಲಕ್ಕೆ ಚುಚ್ಚುವುದು ತುದಿಯಿಂದಲೇ. ಜೋಡಿಸುವಾಗ ಕೀಲಿಗೆ ಒಂದು ಹನಿ ಎಣ್ಣೆ ಹಾಕಿದಿರಾ?

ತೋತಾಪುರಿ, ಶ್ರೀನಿವಾಸಪುರ

ಹಾಕಿದೆ ಅಣ್ಣಾ, ಹೊಲಿಗೆ ಮೆಷಿನ್ ಎಣ್ಣೆ. ಲಾಕ್ ಬಿಗಿಯಾಗಿದೆ, ಬೆನ್ನನ್ನು ಮರದ ತುಂಡಿಗೆ ಮೆಲ್ಲಗೆ ತಟ್ಟಿಯೂ ನೋಡಿದೆ.

ದಿಲ್‌ಖುಷ್, ಚಿಕ್ಕಬಳ್ಳಾಪುರ

ನನ್ನ ನೀಲಿ ಚಾಕುವನ್ನು ನಿನ್ನೆಯಿಂದ ಕಲ್ಲಿಗೆ ಹಾಕಿದ್ದೇನೆ. ಮುಕ್ಕಾಲು ಮಿ.ಮೀ. ಸವೆದ ಮೇಲೆ ಕಲ್ಲಿನ ಮೇಲೆ ಅದರ ಸದ್ದೇ ಬದಲಾಯಿತು. ಮೊದಲು ಮಂಕಾಗಿ ಎಳೆಯುತ್ತಿತ್ತು, ಈಗ ಉಳಿದ ಕಡೆಯ ಹಾಗೇ ಸರ್ ಅನ್ನುತ್ತದೆ. ಇವತ್ತು ಬೆಳಗ್ಗೆಯಿಂದ ಬಳ್ಳಿ ಸವರುತ್ತಿದ್ದೇನೆ, ಅಂಚು ಇನ್ನೂ ಮಡಚಿಲ್ಲ. ಕೊರಟಗೆರೆ ಅಣ್ಣನಿಗೆ ಕೈ ಮುಗಿದೆ.

ಹಿಪ್ಪುನೇರಳೆ, ಶಿಡ್ಲಘಟ್ಟ

ಹುಳ ನಾಲ್ಕನೇ ಜ್ವರಕ್ಕೆ (ಪೊರೆ ಬಿಡುವುದಕ್ಕೆ) ಕೂತಿವೆ, ಸೊಪ್ಪು ಹಾಕುವ ಕೆಲಸ ಇಲ್ಲ, ಕೈ ಸ್ವಲ್ಪ ಬಿಡುವಾಗಿದೆ. ಈಳಿಗೆ ಬಿಚ್ಚಿದೆ. ಅಂಚಿನ ಪಟ್ಟಿ ಅಳತೆಪಟ್ಟಿ ಇಟ್ಟು ನೋಡಿದರೆ ಎರಡು ಮಿ.ಮೀ. ಇದೆ. ಮಾರ್ಕರ್ ಇರಲಿಲ್ಲ, ಮಗನ ಸ್ಕೆಚ್ ಪೆನ್ನಿನಲ್ಲಿ ಕೆಂಪು ಬಣ್ಣ ಹಚ್ಚಿದ್ದೇನೆ. ಮೇಜಿಗೆ ಕಟ್ಟಿ ಬಲಗಡೆ ಮಗ್ಗುಲು ಶುರು ಮಾಡಿದೆ. ಕೆಳಗಿನ ಅರ್ಧದಲ್ಲಿ ಕೆಂಪು ಹೋಗುತ್ತಿದೆ. ನಾಳೆ ಎಡಗಡೆ.